ಏಳು ಬಾರಿ ಬಾರಿಸಿ ನಿಲ್ಲುವ ನಂಬರು

ಸತ್ಯಭಾಮಾ ತೀರಿಕೊಂಡ ಸುದ್ದಿ ನನ್ನನ್ನು ತಲುಪಲು ಮೂರು ಬಾರಿ ಪ್ರಯತ್ನಪಟ್ಟಿತು. ಮೂರು ಬಾರಿಯೂ ನಾನು ಅದಕ್ಕೆ ಬಾಗಿಲು ತೆರೆಯಲಿಲ್ಲ.

ಅದು ಫೆಬ್ರವರಿಯ ಒಂದು ಗುರುವಾರ. "ವಾಕಿಂಗ್ ಹೋಗಿ ಬರ್ತೀನಿ ರೀ. ಹುಳಿ ಒಲೆ ಮೇಲಿದೆ, ಮುಚ್ಚಳ ತೆಗೀಬೇಡಿ, ಆರಿಹೋಗತ್ತೆ" ಎಂದು ಹೇಳಿ ನನ್ನ ಹೆಂಡತಿ ಒಂಬತ್ತೂವರೆಗೆ ಹೊರಟಿದ್ದಳು. ಹನ್ನೆರಡಾದರೂ ಬಂದಿರಲಿಲ್ಲ. ಟೋಕಿಯೋದ ನಿಶಿ ಕಸಾಯಿಯಲ್ಲಿ ಏಳನೆಯ ಮಹಡಿಯಲ್ಲಿರುವ ನಮ್ಮ ಮಗಳ ಮನೆಯ ಕಿಟಕಿಯ ಬಳಿ ಬಿಸಿಲಿಗೆ ಬೆನ್ನು ಕೊಟ್ಟು ನಾನು ಕುಳಿತಿದ್ದೆ. ಮುಚ್ಚಳವನ್ನು ಎರಡು ಸಲ ತೆಗೆದು ನೋಡಿಯೂ ಆಗಿತ್ತು. ಆಗ ನನ್ನ ಫೋನು ಬಾರಿಸಿತು. ಸೊನ್ನೆ ಮೂರರಿಂದ ಆರಂಭವಾಗುವ, ಗುರುತಿಲ್ಲದ ನಂಬರು.

ನಾನು ಮೈಸೂರಿನ ದೂರವಾಣಿ ಕೇಂದ್ರದಲ್ಲಿ ಮೂವತ್ತಾರು ವರ್ಷ ಕೆಲಸ ಮಾಡಿದವನು. ನಂಬರಿನ ಮೊದಲ ಅಂಕಿಗಳನ್ನು ನೋಡಿ, ಎಷ್ಟು ಸಲ ಬಾರಿಸಿ ನಿಲ್ಲುತ್ತದೆಂದು ಎಣಿಸಿ, ಕರೆಯುತ್ತಿರುವವರು ಯಾರೆಂದು ಹೇಳಬಲ್ಲೆನೆಂಬ ಹೆಮ್ಮೆ ನನಗಿತ್ತು. ಸೊನ್ನೆ ಮೂರು ಎಂದರೆ ಟೋಕಿಯೋ ನಗರದ ಸ್ಥಿರ ದೂರವಾಣಿ. ಊಟದ ಹೊತ್ತಿನಲ್ಲಿ ಕರೆಯುವವನು ವ್ಯಾಪಾರಿ. 'ಇಂಟರ್ನೆಟ್ ಮಾರುವವನು' ಎಂದು ತೀರ್ಪು ಕೊಟ್ಟು ಸುಮ್ಮನೆ ಕುಳಿತೆ. ಎರಡನೆಯ ಸಲ ಬಾರಿಸಿದಾಗ 'ಅವನ ಮೇಲಧಿಕಾರಿ' ಎಂದುಕೊಂಡೆ. ಮೂರನೆಯ ಸಲಕ್ಕೆ, ಇವರು ತೀರಾ ಹಟಮಾರಿಗಳು ಎಂದು ಫೋನಿನ ಮೇಲೆ ದಿನಪತ್ರಿಕೆ ಮುಚ್ಚಿದೆ.

ನಾಲ್ಕನೆಯ ಕರೆ ನನ್ನ ಮಗಳು ಇಂದುವಿನದು.

"ಅಪ್ಪಾ, ಹಾಸ್ಪಿಟಲ್‌ನೋರು ನಿಮಗೆ ಮೂರು ಸಲ ಮಾಡಿದ್ರಂತೆ..." ಎಂದಳು. ಮುಂದಿನದನ್ನು ಅಳಿಯ ವಿವೇಕ ಹೇಳಿದ.

ಸತ್ಯಭಾಮಾ ನಿಶಿ ಕಸಾಯಿ ರೈಲು ನಿಲ್ದಾಣದ ಬೆಂಚಿನ ಮೇಲೆ ಕುಳಿತಲ್ಲೇ ಹೋಗಿಬಿಟ್ಟಿದ್ದಳು. ಹೃದಯ ನಿಂತಿತ್ತು. ಆಸ್ಪತ್ರೆಯವರು ಅವಳ ಚೀಲದಲ್ಲಿದ್ದ ಚೀಟಿ ನೋಡಿ ಮೊದಲು ನನಗೆ, ಆಮೇಲೆ ಇಂದುವಿಗೆ ಕರೆ ಮಾಡಿದ್ದರು. ನಾನು ಮೊದಲ ಕರೆಯನ್ನೇ ಎತ್ತಿದ್ದರೂ ಏನೂ ಆಗುತ್ತಿರಲಿಲ್ಲವೆಂದು ವೈದ್ಯರು ತಲೆಬಾಗಿಸಿ ಎರಡೆರಡು ಸಲ ಹೇಳಿದರು. ಅದು ನಿಜವೇ ಇರಬೇಕು. ಆದರೂ ಆಕೆಯ ಕೊನೆಯ ಸುದ್ದಿಯನ್ನು ನಾನು ಇಂಟರ್ನೆಟ್ ವ್ಯಾಪಾರವೆಂದು ಪತ್ರಿಕೆಯ ಕೆಳಗೆ ಮುಚ್ಚಿಟ್ಟದ್ದೂ ನಿಜ.

ಇನ್ನೊಂದು ಮಾತೂ ನನ್ನನ್ನು ಕೊರೆಯುತ್ತಿತ್ತು. ನಮ್ಮಿಬ್ಬರ ನಡುವೆ ಒಂದು ಜಗಳ ಹಾಗೆಯೇ ಉಳಿದುಬಿಟ್ಟಿತ್ತು.

ಜಗಳ ನಡೆದದ್ದು ಪೂಜೆಯ ಗಂಟೆಯ ವಿಷಯಕ್ಕೆ. ಅದು ಅವಳ ತವರಿನಿಂದ ಬಂದ ಕಂಚಿನ ಗಂಟೆ. ಹಿಡಿಯ ತುದಿಯಲ್ಲಿ ಕೈಮುಗಿದ ಗರುಡ. ಸಾಲಿಗ್ರಾಮದ ಪೂಜೆ ನನ್ನದಾದರೂ ಗಂಟೆ ಅವಳದು. ಬೆಳಗಿನ ಆರಕ್ಕೆ ಅವಳು ಅದನ್ನು ಬಾರಿಸಿದರೆ ದೇವರು ಮಾತ್ರವಲ್ಲ, ಆರನೆಯ ಮಹಡಿಯವರೂ ಏಳುತ್ತಿದ್ದರು. ಜನವರಿಯ ಕೊನೆಯಲ್ಲಿ ಲಿಫ್ಟಿನೊಳಗೆ ಒಂದು ಕಾಗದ ಅಂಟಿಸಿದರು. 'ಮುಂಜಾನೆ ಲೋಹದ ಸದ್ದು ಕೇಳಿಬರುತ್ತಿದೆ, ಎಲ್ಲರೂ ದಯವಿಟ್ಟು ಗಮನಿಸಬೇಕು' ಎಂದು ಅದರಲ್ಲಿತ್ತು. ಈ ಊರಿನಲ್ಲಿ ಯಾರೂ ನಿಮ್ಮ ಬಾಗಿಲು ತಟ್ಟಿ ಬೈಯುವುದಿಲ್ಲ. ಒಬ್ಬರ ತಪ್ಪಿಗೆ ಇಡೀ ಕಟ್ಟಡಕ್ಕೆ ವಿನಂತಿ ಮಾಡಿಕೊಳ್ಳುತ್ತಾರೆ. ಅದಕ್ಕಿಂತ ಬೈದಿದ್ದರೇ ವಾಸಿ.

"ಇನ್ನು ಮೇಲೆ ಗಂಟೆ ಬೇಡ. ಬೀರುವಿನಲ್ಲಿಡು" ಎಂದೆ.

"ಗಂಟೆ ಇಲ್ಲದೆ ಪೂಜೆಯೇ? ದೇವರನ್ನ ಕರೆಯೋದು ಹೇಗೆ ಮತ್ತೆ?"

"ಮನಸ್ಸಿನಲ್ಲೇ ಕರಿ. ನನಗೂ ಕಿವಿ ಕಿತ್ತುಹೋಗಿದೆ ಮಾರಾಯ್ತಿ, ನಿನ್ನ ಗಂಟೆ ಕೇಳಿ ಕೇಳಿ!"

ನಲವತ್ತೆಂಟು ವರ್ಷದಲ್ಲಿ ನಾನು ಹಾಗೆ ಗದರಿದ್ದು ಕಡಮೆ. ಹೆಸರಿಗೆ ತಕ್ಕಂತೆ ಅವಳು ತಿರುಗಿ ನಾಲ್ಕು ಮಾತಾಡಿದ್ದರೆ ಆಗ ಎಲ್ಲ ಮುಗಿಯುತ್ತಿತ್ತು. ಅವಳು ಮಾತಾಡಲಿಲ್ಲ. ಮರುದಿನದಿಂದ ಗಂಟೆ ಕಾಣಲಿಲ್ಲ. "ಎಲ್ಲಿಟ್ಟೆ?" ಎಂದರೆ, "ನೀವು ಹೇಳಿದ ಜಾಗದಲ್ಲೇ" ಎಂದಳು. ಅದಾಗಿ ಎರಡು ವಾರಕ್ಕೆ ಹೋಗಿಬಿಟ್ಟಳು.

ದಹನವಾಯಿತು. ಅಸ್ಥಿಯನ್ನು ಬಿಳಿಯ ಕುಡಿಕೆಯಲ್ಲಿ ಮನೆಗೆ ತಂದೆವು. ಮಾರ್ಚಿನಲ್ಲಿ ಶ್ರೀರಂಗಪಟ್ಟಣಕ್ಕೆ ಕೊಂಡೊಯ್ಯುವುದೆಂದಾಯಿತು. ಮೈಸೂರಿನಿಂದ ಪುರೋಹಿತರು ವಿಡಿಯೋದಲ್ಲಿ ಮಂತ್ರ ಹೇಳಿದರು, ಇಲ್ಲಿ ನಾನು ತಿಲೋದಕ ಬಿಟ್ಟೆ. ಸೂತಕವಾದ್ದರಿಂದ ದೇವರ ಪೂಜೆ ನಿಂತಿತ್ತು. ಹದಿಮೂರನೆಯ ದಿನ, ಶುಭ ಸ್ವೀಕಾರದ ಬೆಳಿಗ್ಗೆ, ಮತ್ತೆ ಆರಂಭಿಸಬೇಕು.

ಈ ದಿನಗಳಲ್ಲಿ ನಾನೊಂದು ಪ್ರಾಯಶ್ಚಿತ್ತ ಮಾಡಿಕೊಂಡೆ. ನನ್ನ ಫೋನಿಗೆ ಬಂದ ಯಾವ ಕರೆಯನ್ನೂ ಬಿಡದೆ ಎತ್ತತೊಡಗಿದೆ. ನನ್ನ ಮಗಳು ಮಿನಾಟೋದ ಒಂದು ಕಂಪನಿಯಲ್ಲಿ ಮೋಸದ ವ್ಯವಹಾರಗಳನ್ನು ಪತ್ತೆ ಹಚ್ಚುವ ಕೆಲಸದಲ್ಲಿದ್ದಾಳೆ. ನಾವಿಬ್ಬರೂ ಇಲ್ಲಿಗೆ ಬಂದ ದಿನವೇ ಅವಳು ಮನೆಗೊಂದು ಕಾನೂನು ಮಾಡಿದ್ದಳು: ಗುರುತಿಲ್ಲದ ನಂಬರನ್ನು ಎತ್ತಬಾರದು. ನಂಬರು ಹುಡುಕುವ ಜಾಲತಾಣವೊಂದಿದೆ. ಅದರಲ್ಲಿ ಹಾಕಿದರೆ ಆ ನಂಬರಿನಿಂದ ಕರೆ ಬಂದ ಬೇರೆಯವರು ಬರೆದ ಅಭಿಪ್ರಾಯಗಳೂ ನಕ್ಷತ್ರಗಳೂ ಕಾಣುತ್ತವೆ. ನೋಡಿಕೊಂಡು ಬೇಕಾದರೆ ನಾವೇ ತಿರುಗಿ ಮಾಡಬೇಕು. ಆಸ್ಪತ್ರೆಯ ನಂಬರನ್ನು ಅವಳು ಅಂದು ಗುರುತಿಸಿದ್ದೂ ಹಾಗೆಯೇ. ನನಗೆ ಆ ಜಾಲತಾಣದ ಅಗತ್ಯ ತೋರಿರಲಿಲ್ಲ. ಮೂವತ್ತಾರು ವರ್ಷದ ಅನುಭವವಿದೆಯಲ್ಲ!

ಪ್ರಾಯಶ್ಚಿತ್ತದ ಫಲ ಎಂಟನೆಯ ದಿನ ಕಾಣಿಸಿತು. ಹಿಂದಿನ ದಿನ ಒಬ್ಬ ಹೆಣ್ಣುಮಗಳು ಫೋನಿನಲ್ಲಿ ಬಹಳ ಮರ್ಯಾದೆಯಿಂದ ಮಾತಾಡಿದ್ದಳು. ನಾನೂ ಮರ್ಯಾದೆಗೆ ನನಗೆ ಬರುವ ಒಂದೇ ಜಪಾನಿ ಮಾತು "ಹಾಯ್, ಹಾಯ್" ಎಂದು ಹತ್ತು ನಿಮಿಷ ಒಪ್ಪಿಕೊಂಡಿದ್ದೆ. ನೀರು ಶುದ್ಧಿ ಮಾಡುವ ಯಂತ್ರ ಹೊತ್ತು ಇಬ್ಬರು ಬಾಗಿಲಿಗೆ ಬಂದರು.

"ಅಪ್ಪಾ, ಪ್ಲೀಸ್!" ಎಂದಳು ಇಂದು, ಅವರಿಗೆ "ಸುಮಿಮಾಸೆನ್, ಸುಮಿಮಾಸೆನ್" ಎಂದು ಕ್ಷಮೆ ಕೇಳುತ್ತ ಲಿಫ್ಟಿನವರೆಗೂ ಬಗ್ಗಿ ಕಳುಹಿಸಿ ಬಂದು. "ಎಲ್ಲದಕ್ಕೂ ಯೆಸ್ ಅಂದಿದೀರ. ಮುಂದಿನ ವಾರ ಯಾರು ಬರ್ತಾರೆ, ಪಿಯಾನೋದೋರಾ?"

"ಬಿಡೇ, ಮಾವ ನುಡಿಸ್ಲಿ" ಎಂದ ವಿವೇಕ. ಆ ವಾರದಲ್ಲಿ ಮಗಳು ಮೊದಲ ಸಲ ಸ್ವಲ್ಪ ನಕ್ಕಳು.

ಆದರೆ ಸತ್ಯಭಾಮಾಳ ಫೋನನ್ನು ಮಾತ್ರ ನನಗೆ ಎತ್ತಲಾಗಲಿಲ್ಲ. ಆಸ್ಪತ್ರೆಯವರು ಅದನ್ನು ಅವಳ ಚೀಲದೊಂದಿಗೆ ಕೊಟ್ಟಿದ್ದರು. ಮೂರನೆಯ ದಿನದಿಂದ ಅದಕ್ಕೆ ಒಂದು ನಂಬರು ಬರತೊಡಗಿತು. ಸೊನ್ನೆ ಮೂರರದೇ. ದಿನಕ್ಕೆ ಒಂದೇ ಸಲ, ಬೆಳಿಗ್ಗೆ ಹತ್ತೂಕಾಲಿಗೆ. ಸರಿಯಾಗಿ ಏಳು ಬಾರಿ ಬಾರಿಸಿ ನಿಲ್ಲುತ್ತಿತ್ತು. ಎತ್ತಿದರೆ ಅವಳಿಲ್ಲವೆಂದು ಹೇಳಬೇಕಲ್ಲ ಎಂದು ನಾನು ಎದುರಿಗೆ ಕುಳಿತು ಎಣಿಸುತ್ತಿದ್ದೆ ಅಷ್ಟೆ.

"ಯಾರಪ್ಪಾ ಅದು ದಿನಾ?" ಎಂದು ಇಂದು ಕೇಳಿದಳು.

"ವ್ಯಾಪಾರಿ. ದಿನವೂ ಒಂದೇ ವೇಳೆ, ಒಂದೇ ಲೆಕ್ಕ. ಕಂಪನಿಯವರು ಕೊಟ್ಟ ಪಟ್ಟಿ ನೋಡಿಕೊಂಡು ಮಾಡುತ್ತಿದ್ದಾನೆ" ಎಂದೆ. ನನ್ನ ಹೇಡಿತನಕ್ಕೆ ನನ್ನ ಅನುಭವ ಚೆನ್ನಾಗಿ ಒದಗಿಬಂತು. ಅವಳು ನನ್ನ ಮಾತು ನಂಬಿ ಆ ನಂಬರನ್ನು ಬ್ಲಾಕ್ ಮಾಡಿದಳು. ಒಂಬತ್ತನೆಯ ದಿನ ಹತ್ತೂಕಾಲಿಗೆ ಮನೆ ನಿಶ್ಶಬ್ದವಾಗಿತ್ತು.

ಹತ್ತನೆಯ ದಿನ ಗಂಟೆ ತೆಗೆದಿಡೋಣವೆಂದು ಬೀರು ತೆರೆದೆ. ಇರಲಿಲ್ಲ. ಸೀರೆಗಳ ನಡುವೆ, ಅಕ್ಕಿಯ ಡಬ್ಬಿಯಲ್ಲಿ, ಅವಳು ಕೊಂಬಿನಿ ಅಂಗಡಿಯಿಂದ ತಂದು ಮಡಿಸಿಟ್ಟ ಚೀಲಗಳ ರಾಶಿಯೊಳಗೆ, ಎಲ್ಲಿಯೂ ಇರಲಿಲ್ಲ. ಆಗ ನನಗೊಂದು ಕೆಟ್ಟ ಯೋಚನೆ ಬಂತು. ನಮ್ಮ ಕಟ್ಟಡದಲ್ಲಿ ಲೋಹ, ಗಾಜಿನಂಥ ಉರಿಯದ ಕಸವನ್ನು ತಿಂಗಳಿಗೆ ಎರಡು ಸಲ ಒಯ್ಯುತ್ತಾರೆ. ಜಗಳವಾದ ವಾರದಲ್ಲಿಯೇ ಒಮ್ಮೆ ಒಯ್ದಿದ್ದರು. ಸಿಟ್ಟಿನಿಂದ ಅವಳು ಗಂಟೆಯನ್ನು ಅದಕ್ಕೇ ಹಾಕಿಬಿಟ್ಟಳೇ? ತವರಿನ ಗಂಟೆಯನ್ನು ಕಸಕ್ಕೆ ಹಾಕುವಷ್ಟು ನೊಂದು ಹೋದಳೇ?

ಕೆಳಗಿಳಿದು ಕಟ್ಟಡದ ಮೇಲ್ವಿಚಾರಕರ ಮುಂದೆ ಬರಿಗೈಯಾಡಿಸಿ ಗಂಟೆ ಬಾರಿಸುವಂತೆ ತೋರಿಸಿದೆ. ಅವರು ಬೆಂಕಿ ಬಿದ್ದಿದೆಯೆಂದು ತಿಳಿದು ಹೆದರಿ ಹೊರಗೆ ಓಡಿಬಂದರು. ಅವರಿಗೆ ಹೇಳಿ ಅರ್ಥ ಮಾಡಿಸುವಷ್ಟು ಮಾತು ನನ್ನಲ್ಲಿರಲಿಲ್ಲ. ಮೇಲೆ ಬಂದು, ಗಂಟೆ ಸಿಗಲಿ ಬಿಡಲಿ, ಅವಳು ಸಿಟ್ಟಿನಲ್ಲಿ ಹೋದಳೇ ಇಲ್ಲವೇ ಎಂಬುದೊಂದು ತಿಳಿದರೆ ಸಾಕು ಸ್ವಾಮಿ ಎಂದು ದೇವರಿಗೆ ಹೇಳಿಕೊಂಡೆ. ಆ ಹೊತ್ತಿಗೆ ದೇವರಿಗೂ ನನಗೂ ಮಾತು ಮನಸ್ಸಿನಲ್ಲೇ ನಡೆಯಬೇಕಾಗಿತ್ತು.

ಹನ್ನೊಂದನೆಯ ದಿನ ಬೆಳಿಗ್ಗೆ ವಿವೇಕ, "ಮಾವ, ತಿಂಗಳ ಕೊನೆಗೆ ಅತ್ತೆ ಫೋನ್ ಲೈನ್ ಕ್ಯಾನ್ಸಲ್ ಮಾಡ್ಬೇಕು. ಫೋಟೋ ಗೀಟೋ ಏನಾದ್ರೂ ಬೇಕಾ ನೋಡ್ಕೊಳಿ" ಎಂದು ಅದನ್ನು ನನ್ನ ಕೈಗೆ ಕೊಟ್ಟ. ಫೋಟೋಗಳಲ್ಲಿ ಹೆಚ್ಚಿನವು ಅವಳ ಹೆಬ್ಬೆರಳಿನವು. ಕರೆಗಳ ಪಟ್ಟಿ ತೆರೆದೆ. ಕೆಂಪು ಅಕ್ಷರದಲ್ಲಿ ಅದೇ ನಂಬರು, ಸಾಲಾಗಿ, ಯಾರೂ ಎತ್ತದ ಕರೆಗಳು. ಅದರ ಕೆಳಗೆ, ಅವಳು ಹೋಗುವುದಕ್ಕೆ ಎರಡು ದಿನ ಹಿಂದಿನ ತಾರೀಖಿಗೆ, ಅದೇ ನಂಬರು ಕಪ್ಪು ಅಕ್ಷರದಲ್ಲಿತ್ತು. ಎತ್ತಿದ ಕರೆ. ನಾಲ್ಕು ನಿಮಿಷ.

ಜಪಾನಿ ಭಾಷೆಯ ಒಂದು ಅಕ್ಷರವೂ ಬಾರದವಳು ನಾಲ್ಕು ನಿಮಿಷ ಏನು ಮಾತಾಡಿದಳು?

ಮೂವತ್ತಾರು ವರ್ಷದ ಅನುಭವವನ್ನು ಪಕ್ಕಕ್ಕಿಟ್ಟು, ಮೊದಲ ಬಾರಿಗೆ, ಮಗಳು ಕಲಿಸಿದ್ದಂತೆ ನಂಬರನ್ನು ಆ ಜಾಲತಾಣದಲ್ಲಿ ಹಾಕಿದೆ. ಒಂದು ಪುಟ ತೆರೆಯಿತು. ಜಪಾನಿ ಅಕ್ಷರಗಳ ಕಾಡು. ಅದರ ನಡುವೆ, ಐದು ನಕ್ಷತ್ರಗಳ ಪಕ್ಕದಲ್ಲಿ, ಕನ್ನಡದ ಒಂದು ಸಾಲು ಕುಳಿತಿತ್ತು.

'ಒಳ್ಳೆಯ ಮನುಷ್ಯ. ದನಿ ತಗ್ಗು. ಫೋನು ಎತ್ತಬಹುದು. ನಮ್ಮ ಯಜಮಾನರಿಗೆ ಹೇಳಬೇಡಿ.'

ಕನ್ನಡಕ ಒರೆಸಿಕೊಂಡು ಮತ್ತೆ ಓದಿದೆ. ಆಮೇಲೆ "ವಿವೇಕ!" ಎಂದು ಕೂಗಿದೆ. ಅವನು ಬಂದು ನೋಡಿ, ಸಿಕ್ಕಿಬಿದ್ದವನಂತೆ ನೆಲ ನೋಡಿದ.

"ಸಾರಿ ಮಾವ. ಅತ್ತೆ ಪ್ರಾಮಿಸ್ ತಗೊಂಡಿದ್ರು. ಇಂದುಗೂ ಗೊತ್ತಿಲ್ಲ. ನಾನು ವರ್ಕ್ ಫ್ರಮ್ ಹೋಮ್ ಇರೋ ದಿನ ಅತ್ತೆ ಎಲ್ಲಾ ಅನ್‌ನೋನ್ ಕಾಲೂ ಎತ್ತೋರು. ಸ್ಪೀಕರ್ ಹಾಕಿ, ನಾನು ಟ್ರಾನ್ಸ್‌ಲೇಟ್ ಮಾಡ್ತಿದ್ದೆ. ಆಮೇಲೆ ಇಲ್ಲಿ ರಿವ್ಯೂ. ಅವರು ಹೇಳೋರು, ನಾನು ಜಪಾನೀಸಲ್ಲಿ ಟೈಪ್ ಮಾಡೋದು."

"ನೀನು ನಮ್ಮ ಮನೆಯ ಅಳಿಯನೋ, ಅವಳ ಗುಮಾಸ್ತನೋ?"

"ಗುಮಾಸ್ತನೇ ಮಾವ. ಸಂಬಳಕ್ಕೆ ಕೋಡುಬಳೆ."

ಅವನು ಅವಳ ಬರಹಗಳನ್ನೆಲ್ಲ ಒಂದೊಂದಾಗಿ ತೆಗೆದು ಕನ್ನಡದಲ್ಲಿ ಹೇಳಿದ. ಇಂಟರ್ನೆಟ್ ಮಾರುವವನ ಬಗ್ಗೆ: 'ಹುಡುಗ ಒಳ್ಳೆಯವನು. ಕೆಮ್ಮು ಇದೆ. ಶುಂಠಿ ಕಷಾಯ ಕುಡಿಯಲಿ.' ಹಳೆಯ ಸಾಮಾನು ಕೊಳ್ಳುವವನ ಬಗ್ಗೆ: 'ಮನೆಯಲ್ಲಿ ಹಳೆಯದು ಏನಿದೆ ಎಂದು ಕೇಳುತ್ತಾನೆ. ಗಂಡ ಇದ್ದಾರೆ ಎಂದೆ. ಅದು ಬೇಡವಂತೆ.' ಧ್ವನಿಮುದ್ರಿಸಿದ ಯಂತ್ರದ ಕರೆಯ ಬಗ್ಗೆ: 'ನಾವು ಮಾತಾಡುತ್ತಿರುವಾಗಲೇ ತಾನೂ ಮಾತಾಡುತ್ತದೆ. ಅಭ್ಯಾಸವಿರುವವರಿಗೆ ತೊಂದರೆಯಿಲ್ಲ.' ಹಳೆಯ ಗಂಡನ ಮಾತನ್ನು ನಲವತ್ತೊಂದು ಜನ 'ಉಪಯುಕ್ತ' ಎಂದು ಗುರುತು ಹಾಕಿದ್ದರು. ನಾನು ನಕ್ಕೆ. ಸೂತಕದ ಮನೆಯೆಂಬುದು ನೆನಪಾಗಿ ಬಾಯಿ ಮುಚ್ಚಿಕೊಂಡೆ. ಕಣ್ಣನ್ನು ಮುಚ್ಚಿಕೊಳ್ಳಲಾಗಲಿಲ್ಲ.

"ಈ ಕನ್ನಡದ್ದು ಮಾತ್ರ ನಂಗೆ ಗೊತ್ತಿಲ್ಲ" ಎಂದ ವಿವೇಕ. "ಅವತ್ತು ನಾನು ಆಫೀಸಲ್ಲಿದ್ದೆ. ತಾವೇ ಹಾಕಿದಾರೆ."

"ಯಾರ ನಂಬರು ಇದು?"

ಅವನು ಮೇಲಿನ ಸಾಲು ಓದಿದ. "ಅಂಗಡಿ, ಮಾವ. ಮೊನ್‌ಜೆನ್ ನಕಾಚೋದಲ್ಲಿ. ಬೌದ್ಧರ ಪೂಜಾ ಸಾಮಾನು... ಗೂಡು, ದೀಪ, ಗಂಟೆ."

ಗಂಟೆ ಎಂದಾಗ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು.

"ನಾನು ಮಾಡ್ಲಾ?" ಎಂದ.

"ಬೇಡ. ಅವನು ಆರು ದಿನ ಮಾಡಿದ್ದಾನೆ. ಈಗ ನನ್ನ ಸರದಿ" ಎಂದು ನಾನೇ ಅವಳ ಫೋನಿನಿಂದ ಒತ್ತಿದೆ. ಎರಡನೆಯ ಬಾರಿಗೇ ಎತ್ತಿದರು. ತಗ್ಗಿದ, ಮುದಿ ದನಿ. "ಭಾಮಾ ಸಾನ್?" ಎಂದು ಇಲ್ಲಿಯ ಮರ್ಯಾದೆಯಲ್ಲಿ ಕೇಳಿತು.

ಮೈಸೂರಿನಲ್ಲಿ ಸಾವಿರಾರು ಜನರ ಮಾತನ್ನು ಸಾವಿರಾರು ಜನರಿಗೆ ಕೂಡಿಸಿದವನು ನಾನು. ಫೋನನ್ನು ವಿವೇಕನಿಗೆ ಕೊಟ್ಟೆ.

ಮರುದಿನ ತೋಜಾಯ್ ರೈಲು ಹತ್ತಿ ನಾಲ್ಕನೆಯ ನಿಲ್ದಾಣದಲ್ಲಿ ಇಳಿದೆವು. ಹೊರಡುವಾಗ ನಿಶಿ ಕಸಾಯಿಯ ಆ ಬೆಂಚನ್ನು ನಾನು ನೋಡಿದೆ. ಯಾರೋ ಹೆಂಗಸು ಅದರ ಮೇಲೆ ಸೊಪ್ಪಿನ ಚೀಲ ಇಟ್ಟುಕೊಂಡು ಕುಳಿತಿದ್ದಳು. ವಾಕಿಂಗ್ ಎಂದು ಹೊರಟವಳು ನಿಲ್ದಾಣದಲ್ಲಿ ಏಕಿದ್ದಳೆಂಬುದು ಈಗ ತಿಳಿದಿತ್ತು. ಇದೇ ದಾರಿಯಲ್ಲಿ ಒಬ್ಬಳೇ ಹೋಗಿ ಬಂದಿದ್ದಳು.

ಅಂಗಡಿ ಒಂದು ಓಣಿಯಲ್ಲಿತ್ತು. ಮಾಲೀಕರು ಕುರಿಹಾರಾ ಸಾನ್, ನನ್ನ ವಯಸ್ಸಿನವರೇ. ಸುದ್ದಿಯನ್ನು ವಿವೇಕ ಹಿಂದಿನ ದಿನವೇ ಹೇಳಿದ್ದ. ಅವರು ಕನ್ನಡಕ ತೆಗೆದು, ಬಹಳ ಹೊತ್ತು ಬಗ್ಗಿ ನಿಂತರು. ನಾನೂ ಬಗ್ಗಿದೆ. ಮೊದಲು ಯಾರು ಏಳಬೇಕೆಂದು ತಿಳಿಯದೆ ಇಬ್ಬರು ಮುದುಕರೂ ಸೊಂಟ ಹಿಡಿಯುವವರೆಗೆ ಬಗ್ಗಿಯೇ ಇದ್ದೆವು. ಕೊನೆಗೆ ವಿವೇಕ ಕೆಮ್ಮಿದ.

ಅವರು ಒಳಗಿನಿಂದ ನೇರಳೆ ಬಟ್ಟೆಯ ಗಂಟೊಂದನ್ನು ತಂದು ಬಿಚ್ಚಿದರು. ಗರುಡ ಕೈಮುಗಿದುಕೊಂಡು ಕುಳಿತಿದ್ದ.

ಕಥೆಯನ್ನು ಅವರು ಅರ್ಧ ಮಾತಿನಲ್ಲಿ, ಅರ್ಧ ಅಭಿನಯದಲ್ಲಿ ಹೇಳಿದರು. ಅವಳು ಅವರಿಗೆ ಹೇಳಿದ್ದೂ ಹಾಗೆಯೇ. ಮೊದಲ ಸಲ ಬಂದ ದಿನ ಗಂಟೆ ಜೋರಾಗಿ ಬಾರಿಸಿದ್ದಳಂತೆ. ಆಮೇಲೆ ನೆಲದ ಕಡೆ ಬೆರಳು ತೋರಿಸಿ, ಕೆಳಗಿನ ಮನೆಯವರು ಮಲಗಿರುವುದನ್ನು ಕೆನ್ನೆಗೆ ಕೈಯಿಟ್ಟು ತೋರಿಸಿದ್ದಳಂತೆ. ಆಮೇಲೆ ಕುರಿಹಾರಾ ಸಾನ್ ಎರಡು ಕೈಯಿಂದಲೂ ಕಿವಿ ಮುಚ್ಚಿಕೊಂಡು, ಹುಬ್ಬು ಗಂಟಿಕ್ಕಿ, ಕೆಳತುಟಿ ಮುಂದೆ ಮಾಡಿ, ತಲೆಯನ್ನು ಅತ್ತಿತ್ತ ಆಡಿಸಿದರು.

"ಮಾವ, ಇದು ನೀವು" ಎಂದ ವಿವೇಕ.

ನಾನೇ. ಅನುಮಾನವಿರಲಿಲ್ಲ. ಈ ಮನುಷ್ಯ ನನ್ನನ್ನು ಹಿಂದೆಂದೂ ಕಂಡವರಲ್ಲ. ಆದರೂ ನನ್ನ ಕೆಳತುಟಿಯನ್ನು ಅಷ್ಟು ಸರಿಯಾಗಿ ಬಲ್ಲವಳು ಒಬ್ಬಳೇ.

ಅವರು ಗಂಟೆಯ ನಾಲಿಗೆಯನ್ನು ತೋರಿಸಿದರು. ಹಳೆಯ ಕಬ್ಬಿಣದ ನಾಲಿಗೆ ತೆಗೆದು, ಗಟ್ಟಿ ಮರದ ನಾಲಿಗೆ ಹಾಕಿ, ಜಿಂಕೆಯ ತೊಗಲು ಸುತ್ತಬೇಕೆಂದಿದ್ದರು. ತೊಗಲು ಎಂದು ತಿಳಿದೊಡನೆ ಅವಳು ಕಿವಿ ಹಿಡಿದು ಕೆನ್ನೆ ಬಡಿದುಕೊಂಡಳಂತೆ. ಕೊನೆಗೆ ರೇಷ್ಮೆ ದಾರ ಸುತ್ತುವುದೆಂದಾಯಿತು. ಹೊಸ ನಾಲಿಗೆ ಹಾಕಿದ ಮೇಲೆ ಅವರು ಅವಳಿಗೆ ಕರೆ ಮಾಡಿ, ಗಂಟೆಯನ್ನು ಫೋನಿನಲ್ಲೇ ಬಾರಿಸಿ ಕೇಳಿಸಿದ್ದರು; ಆ ನಾಲ್ಕು ನಿಮಿಷದ ಮಾತು ಅದೇ. ದಾರ ಎಷ್ಟು ಸುತ್ತಬೇಕೆಂಬುದಕ್ಕೆ ಆ ಗುರುವಾರ ಅವಳು ಮತ್ತೆ ಬಂದಾಗ ಒಂದು ಗಂಟೆ ಹೊತ್ತು ಪರೀಕ್ಷೆ ನಡೆದಿತ್ತು. ಅವರು ಬಾರಿಸುವುದು, ಅವಳು 'ಇಲ್ಲ' ಎನ್ನುವುದು. ಮತ್ತೊಂದು ಸುತ್ತು. ಮತ್ತೆ 'ಇಲ್ಲ'. ಕೊನೆಗೆ 'ಸಾಕು' ಎಂದಳಂತೆ. ಆ ಎರಡು ಕನ್ನಡ ಮಾತು ಅವರಿಗೆ ಚೆನ್ನಾಗಿ ಬಂದಿತ್ತು. ದಾರಕ್ಕೆ ಅಂಟು ಹಾಕಿ ಒಣಗಿಸಿ ಕೊಡಲು ಎರಡು ದಿನ ಬೇಕೆಂದು ಅವಳನ್ನು ಬರಿಗೈಯಲ್ಲಿ ಕಳುಹಿಸಿದ್ದರು.

"ಒಂದು ಮಾತು ಕೇಳು" ಎಂದು ವಿವೇಕನಿಗೆ ಹೇಳಿದೆ. "ನನ್ನಂತೆ ಅಭಿನಯಿಸಿದಾಗ ಅವಳು ಸಿಟ್ಟಾಗಿದ್ದಳೇ?"

ವಿವೇಕ ಕೇಳಿದ. ಕುರಿಹಾರಾ ಸಾನ್ ಪ್ರಶ್ನೆ ಅರ್ಥವಾಗದವರಂತೆ ನನ್ನನ್ನು ನೋಡಿದರು. ಆಮೇಲೆ ಮತ್ತೆ ಕಿವಿ ಮುಚ್ಚಿ, ತುಟಿ ಮುಂದೆ ಮಾಡಿ, ಅದನ್ನು ನಡುವೆಯೇ ಬಿಟ್ಟು, ಇಲ್ಲದ ಸೆರಗನ್ನು ಬಾಯಿಗೆ ಒತ್ತಿಕೊಂಡು, ಭುಜ ಕುಲುಕಿಸಿ ನಕ್ಕರು. ಆ ಮುದುಕರ ಭುಜಗಳಲ್ಲಿ ನನ್ನ ಹೆಂಡತಿ ನಗುತ್ತಿದ್ದಳು. ಅಭಿನಯ ಮುಗಿಸಲಾರದೆ ನಕ್ಕುಬಿಟ್ಟಳಂತೆ, ಎರಡು ಸಲವೂ.

ನಾನು ಅಲ್ಲಿದ್ದ ಸ್ಟೂಲಿನ ಮೇಲೆ ಕುಳಿತೆ. ಅವರು ಗಂಟೆಯನ್ನು ಒಮ್ಮೆ ಬಾರಿಸಿ, ತಲೆ ಓರೆ ಮಾಡಿ, "ಸಾಕು?" ಎಂದು ಕೇಳಿದರು.

"ಸಾಕು" ಎಂದೆ.

ಹದಿಮೂರನೆಯ ದಿನ ಬೆಳಿಗ್ಗೆ ಆರಕ್ಕೆ ಪೂಜೆಗೆ ಕುಳಿತೆ. ಮಗಳು ಹಿಂದಿನ ರಾತ್ರಿ ಎಲ್ಲವನ್ನೂ ಕೇಳಿ, ಗಂಡನನ್ನು ಬೈದು, ಅತ್ತು, ಆಮೇಲೆ ಅಮ್ಮನ ಬರಹಗಳನ್ನು ಒಂದೂ ಬಿಡದೆ ಓದಿದ್ದಳು. ಆ ನಂಬರಿನ ಬ್ಲಾಕನ್ನು ಅವಳೇ ತೆಗೆದಳು. ಅವಳ ಕಾನೂನಿಗೂ ಒಂದು ತಿದ್ದುಪಡಿಯಾಯಿತು: ಗುರುತಿಲ್ಲದ ಕರೆಯನ್ನು ಅಪ್ಪ ಎತ್ತಬಹುದು, ಆದರೆ 'ಹಾಯ್' ಎನ್ನಕೂಡದು.

ಗಂಟೆ ಬಾರಿಸಿದೆ. ಸದ್ದು ಕೋಣೆಯ ಬಾಗಿಲವರೆಗೆ ಹೋಗಿ, ಹೊಸಲು ದಾಟದೆ, ದೇವರ ಕಡೆಗೇ ತಿರುಗಿಕೊಂಡಿತು. ಅಡಿಗೆಮನೆಯಲ್ಲಿ ಮಗಳು ಕೆಲಸ ನಿಲ್ಲಿಸಿದ್ದು ತಿಳಿಯಿತು.

ಮಧ್ಯಾಹ್ನ, ಎಲೆ ಎತ್ತಿದ ಮೇಲೆ, ಆ ಜಾಲತಾಣ ತೆರೆದು ಅವಳ ಸಾಲಿನ ಕೆಳಗೆ ನಾನೂ ಒಂದು ಸಾಲು ಬರೆದೆ. ಐದು ನಕ್ಷತ್ರ ಕೊಟ್ಟೆ. 'ಯಜಮಾನರಿಗೆ ತಿಳಿಯಿತು. ಗಂಟೆ ಚೆನ್ನಾಗಿದೆ. ಫೋನು ಎತ್ತಬಹುದು.'

ಆಮೇಲೆ ದೇವರ ಮುಂದೆ ಬಂದು ಕುಳಿತೆ.

ಶ್ರೀನಿವಾಸಾ, ನನ್ನ ಸತ್ಯಭಾಮಾ ನಿನ್ನ ಬಾಗಿಲಿಗೆ ಬಂದಿದ್ದಾಳೆ. ದಿನವೂ ಆರು ಗಂಟೆಗೆ ನಿನ್ನನ್ನು ಕರೆಯುತ್ತಿದ್ದವಳು ಇವಳೇ. ಸದ್ದು ಹೆಚ್ಚಾಗಿದ್ದರೆ ಕ್ಷಮಿಸು. ಯಾರೆಂದು ಹುಡುಕುತ್ತ ಅವಳನ್ನು ಹೊರಗೆ ನಿಲ್ಲಿಸಬೇಡ. ನಾನು ಮಾಡಿದಂತೆ ಮೂರು ಸಲ ಕಾಯಿಸಬೇಡ. ಮೊದಲ ಕರೆಗೇ ಓಗೊಡು, ಒಳಗೆ ಕರೆದುಕೋ. ದಣಿದು ಬೆಂಚಿನ ಮೇಲೆ ಕುಳಿತವಳಿಗೆ ನಿನ್ನ ಪಾದದ ಬಳಿ ಜಾಗ ಕೊಡು. ಅವಳ ಆತ್ಮಕ್ಕೆ ಶಾಂತಿಯಿರಲಿ, ಸ್ವಾಮಿ.